ಸದ್ಯಕ್ಕೆ ಆ ಪರೀಕ್ಷೆ ಬೇಡಮ್ಮ

ಸ್ಟಾಕ್‌ಹೋಮ್
ಡಿಸೆಂಬರ್ 14

ಅಮ್ಮನಿಗೆ ನಮಸ್ಕಾರ. ನಾನಿಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ?

ನಿನ್ನ ಕಾಗದದ ಫೋಟೋ ತೆಗೆದು ಗಿರೀಶ ವಾಟ್ಸಾಪ್ ಮಾಡಿದ್ದ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಅಳಲು ಶುರು ಮಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎದುರುಮನೆ ಶಾರದಮ್ಮನ ಮಗ ಹೇಳಿದನಂತೆ, ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಅವಧಿಗೆ ಮುಂಚೆ ಹುಟ್ಟಿರುವ ನಮ್ಮ ಸುಮಳ ಪಾಪುಗೆ ಮುಂದೆ ಶ್ವಾಸಕೋಶದ ಕಾಯಿಲೆ ಉಳಿಯುತ್ತದಾ ಅಂತ ಈಗಲೇ ಗೊತ್ತಾಗುತ್ತದೆ ಎಂದು. ಗಿರೀಶ ದುಡ್ಡು ಹೊಂದಿಸುತ್ತಿದ್ದಾನಂತೆ. ಇಲ್ಲವಾದರೆ ರಕ್ತವನ್ನು ನನ್ನ ಲ್ಯಾಬಿಗೇ ಕಳಿಸೋಣವಾ ಅಂತ ನೀನು. ಎರಡೂ ಬೇಡಮ್ಮ.

ನಾನು ಮಾಡುವುದು ಅದೇ ಕೆಲಸ, ನಿಜ. ಬೇಡ ಅನ್ನುತ್ತಿರುವುದೂ ಅದಕ್ಕೇ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ರಕ್ತದಲ್ಲಿ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ಅಳೆಯುತ್ತೇವೆ. ಮುಂದೆ ಬಿಪಿಡಿ, ಅಂದರೆ ನೀನು ಹೆದರಿರುವ ಆ ಶ್ವಾಸಕೋಶದ ಕಾಯಿಲೆ, ಆದ ಮಕ್ಕಳಲ್ಲಿ ಮೊದಲ ದಿನಗಳಲ್ಲೇ ಇವು ಸರಾಸರಿ ಜಾಸ್ತಿ ಇದ್ದದ್ದು ಕಂಡುಬಂದಿದೆ. ಆದರೆ ಯಾವುದೋ ಸೋಂಕು ತಗುಲಿದರೂ ಇವೇ ಏರುತ್ತವೆ. ಎನ್‌ಟಿ-ಪ್ರೊಬಿಎನ್‌ಪಿ ಅಂತ ಇನ್ನೊಂದು ಇದೆ. ಅದು ಹೃದಯಕ್ಕೆ ಭಾರ ಬಿದ್ದರೆ ಏರುತ್ತದೆ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ರಕ್ತನಾಳ ಮುಚ್ಚಿಕೊಳ್ಳದಿದ್ದರೂ ಏರುತ್ತದೆ. ನೂರಾರು ಮಕ್ಕಳನ್ನು ಒಟ್ಟಿಗೆ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಒಂದೇ ಮಗುವನ್ನು ತೋರಿಸಿ ಇವಳಿಗೆ ಬರುತ್ತದೆ, ಬರಲ್ಲ ಅಂತ ಹೇಳಲು ಆಗುವುದಿಲ್ಲ. ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಆಕ್ಸಿಜನ್ ಎಷ್ಟು ಬೇಕಾಗುತ್ತಿದೆ ಅನ್ನುವುದರಿಂದಲೇ ಡಾಕ್ಟರಿಗೆ ಸಾಕಷ್ಟು ಅಂದಾಜು ಸಿಗುತ್ತದೆ. ಅದೆಲ್ಲ ಕೇಸ್ ಶೀಟಿನಲ್ಲೇ ಇದೆ, ಬೇರೆ ದುಡ್ಡು ಕೊಡಬೇಕಿಲ್ಲ.

ಇನ್ನೊಂದು ವಿಷಯ. ಒಂದು ಕೆಜಿ ಮಗುವಿನ ಮೈಯಲ್ಲಿ ಇರುವುದೇ ಸುಮಾರು 90 ಎಂಎಲ್ ರಕ್ತ. ನಿನ್ನ ಕಾಫಿ ಲೋಟವೂ ತುಂಬುವುದಿಲ್ಲ. ಅದರಲ್ಲಿ 5 ಎಂಎಲ್ ತೆಗೆದರೆ ನನ್ನಿಂದ ಕಾಲು ಲೀಟರ್ ತೆಗೆದ ಲೆಕ್ಕ. ರಿಸಲ್ಟ್ ಕೆಟ್ಟದಾಗಿ ಬಂತು ಅಂತಲೇ ಇಟ್ಟುಕೋ, ಡಾಕ್ಟರ್ ಮಾಡುವುದು ಬಹುಪಾಲು ಈಗ ಮಾಡುತ್ತಿರುವುದನ್ನೇ. ಸುಮ ಮಾತ್ರ ಸುಮ್ನೆ ನಿದ್ದೆ ಕೆಡುತ್ತಾಳೆ. ನನ್ನ ಲ್ಯಾಬಿಗಂತೂ ಹೊರಗಿನ ರಕ್ತ ತರುವ ಹಾಗೇ ಇಲ್ಲ. ಇಲ್ಲಿ ಅಪ್ಪ ಅಮ್ಮಂದಿರ ಒಪ್ಪಿಗೆ ಪಡೆದು, ಹೆಸರು ತೆಗೆದು, ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದು ನಮ್ಮ ಕೈಗೆ ಬರುತ್ತದೆ. ಅದರ ಮಧ್ಯೆ ನಿನ್ನ ಮೊಮ್ಮಗಳದ್ದನ್ನು ತೂರಿಸಿದರೆ ನನ್ನನ್ನು ಮುಂದಿನ ವಿಮಾನಕ್ಕೇ ಹತ್ತಿಸುತ್ತಾರೆ. ನಿನಗೆ ಅದೇ ಬೇಕಾಗಿರಬಹುದು!

ಪಾಪು ಚೆನ್ನಾಗಿಯೇ ಇದ್ದಾಳೆ. ಗಂಟಲಿಗೆ ಟ್ಯೂಬ್ ಇಲ್ಲ, ಮೂಗಿಗೆ ಸಿಪ್ಯಾಪ್ ಮಾತ್ರ, ಅಂದರೆ ಉಸಿರಾಡಲು ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ. ಅದೇ ದೊಡ್ಡದು. ಹುಡುಗರಿಗಿಂತ ಹುಡುಗಿಯರಿಗೆ ಈ ಕಾಯಿಲೆ ಕಡಿಮೆ. ಹುಟ್ಟಿದ ಮೇಲೂ ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಹೊಸ ಗಾಳಿಗೂಡುಗಳು ಬೆಳೆಯುತ್ತಲೇ ಇರುತ್ತವೆ. ಬಸಿರಿನ ಲೆಕ್ಕದಲ್ಲಿ 36 ವಾರ ತುಂಬಿದಾಗ, ಆಗಲೂ ಆಕ್ಸಿಜನ್ ಬೇಕಾ ಅಂತ ನೋಡಿಯೇ ಬಿಪಿಡಿ ಇದೆಯೋ ಇಲ್ಲವೋ ಹೇಳುವುದು. ಪಾಪು ಹುಟ್ಟಿದ್ದು 28 ವಾರಕ್ಕೆ. ಇನ್ನೂ ಟೈಮ್ ಇದೆ, ಈಗಲೇ ಯಾರ ಹತ್ತಿರವೂ ಹೇಳಿಸಬೇಡಿ.

ಕೆಫೀನ್ ಕೊಡುತ್ತಿದ್ದಾರಾ ಅಂತ ಗಿರೀಶ ಡಾಕ್ಟರನ್ನು ಕೇಳಲಿ. ಕಾಫಿಯಲ್ಲಿರುವ ಅದೇ ಕೆಫೀನ್! ಉಸಿರು ನಿಲ್ಲದಿರಲಿ ಅಂತ ಕೊಡುವುದು. 2006ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಬಿಪಿಡಿ 100ಕ್ಕೆ 47 ಮಕ್ಕಳಿಂದ 36ಕ್ಕೆ ಇಳಿದಿತ್ತು. ಅದರಲ್ಲಿದ್ದ ಮಕ್ಕಳು 500ರಿಂದ 1250 ಗ್ರಾಂನವರು, ನಮ್ಮ ಪಾಪುವಿನ ಹಾಗೇ. ಅಪ್ಪನಿಗೆ ಹೇಳು, ಕುಣಿದಾಡುತ್ತಾರೆ.

ಇಲ್ಲಿ ಇಂಥ ಮಕ್ಕಳನ್ನು ಅಪ್ಪಂದಿರೂ ಗಂಟೆಗಟ್ಟಲೆ ಅಂಗಿ ಬಿಚ್ಚಿ ಎದೆಗೆ ಅವಚಿಕೊಂಡು ಕೂರುತ್ತಾರೆ. ಗಿರೀಶನೂ ಕೂರಲಿ, ನಾಚಿಕೆ ಯಾಕೆ? ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ ರಜೆ ಕೊಡುವ ದೇಶ ಇದು. ಮಧ್ಯಾಹ್ನ ಮೂರಕ್ಕೇ ಕತ್ತಲು, ಮೈನಸ್ ಚಳಿ. ಆದರೂ ಮಕ್ಕಳನ್ನು ಗಾಡಿಯಲ್ಲಿ ಹೊದಿಸಿ ಕೆಫೆ ಹೊರಗೆ ಮಲಗಿಸಿ ಇವರು ಒಳಗೆ ಕಾಫಿ ಕುಡಿಯುತ್ತಾರೆ. ನೀನು ನೋಡಿದರೆ ಎಲ್ಲರಿಗೂ ಬೈಯುತ್ತಿದ್ದೆ. ಮಕ್ಕಳಿಗೆ ಏನೂ ಆಗುವುದಿಲ್ಲ, ಗುಂಡಗೆ ಇರುತ್ತಾರೆ. ನೀನು ಇದನ್ನು ಮಲ್ಲೇಶ್ವರದ ಧೂಳಿನಲ್ಲಿ ಮಾತ್ರ ಮಾಡಲು ಹೋಗಬೇಡ.

ಹೇಳಲು ಭಯವಾಗುತ್ತದೆ, ಆದರೂ ಹೇಳುತ್ತೇನೆ. ಪಾಪು ಮನೆಗೆ ಬಂದ ಮೇಲೆ ಎರೆದು ಸಾಂಬ್ರಾಣಿ ಹೊಗೆ ಹಾಕಬೇಡ. ನಿಮಗೆಲ್ಲ ಹಾಕಿರಲಿಲ್ವಾ ಅಂತೀಯ. ನಾವು ಒಂಬತ್ತು ತಿಂಗಳು ತುಂಬಿ ಹುಟ್ಟಿದವರಮ್ಮ. ಇವಳ ಶ್ವಾಸಕೋಶ ಇನ್ನೂ ಎಳೆಯದು, ಯಾವ ಹೊಗೆಯೂ ಆಗದು. ಊದುಬತ್ತಿಯೂ ಆ ಕೋಣೆಯಲ್ಲಿ ಬೇಡ. ನೆಗಡಿ ಆದವರನ್ನು ಬಾಗಿಲಲ್ಲೇ ವಾಪಸ್ ಕಳಿಸು, ಚಿಕ್ಕಮ್ಮನನ್ನೂ ಸೇರಿಸಿ. ನಾಮಕರಣಕ್ಕೆ ಅವಸರ ಮಾಡಬೇಡ, ಮನೆಯವರೇ ಸಾಕು.

ಗಿರೀಶ ಪರೀಕ್ಷೆಗೆ ಅಂತ ಸಾಲ ಮಾಡುವುದು ಬೇಡ. ನಾನು ಸೋಮವಾರ ದುಡ್ಡು ಹಾಕುತ್ತೇನೆ. ಸುಮಳಿಗೆ ಹಾಲು ತೆಗೆಯುವ ಒಳ್ಳೆ ಪಂಪ್ ಕೊಡಿಸಿ, ಆಸ್ಪತ್ರೆಗೆ ಓಡಾಡಲು ಆಟೋ ಬದಲು ಕ್ಯಾಬ್ ಮಾಡಿಕೊಳ್ಳಿ. ನನಗೆ ಕಷ್ಟ ಏನಿಲ್ಲ. ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ, ಸ್ವೆಟರ್ ಹಾಕಿಕೊಳ್ಳುತ್ತೇನೆ, ನಿದ್ದೆಯೂ ಬರುತ್ತಿದೆ.

ದಿನಾ ರಾತ್ರಿ ಪಾಪುವಿನ ಆಕ್ಸಿಜನ್ ಎಷ್ಟು ಪರ್ಸೆಂಟ್ ಅಂತ ಗಿರೀಶ ನನಗೆ ಮೆಸೇಜ್ ಮಾಡಲಿ. ಎಷ್ಟೇ ಹೊತ್ತಾಗಿದ್ದರೂ ಪರವಾಗಿಲ್ಲ. ಬಸ್ಸಿಗೆ ಹೊತ್ತಾಯಿತು, ಮಿಕ್ಕಿದ್ದು ಭಾನುವಾರ ಫೋನಿನಲ್ಲಿ.

ಇತಿ,
ವೀಣಾ