ಅಳೋದ್ಯಾಕೆ ಅಂತ ಕೇಳಿದ್ದೀಯಲ್ಲ

ಬೆಂಗಳೂರು, 27 ಮೇ 2019

ರಘು,

ನಿನ್ನ ಮೆಸೇಜು ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು. ಎಪ್ಪತ್ತು ವರ್ಷದ ಫಾರ್ಮುಲಾ ಒನ್ ಕಾರ್ ರೇಸರ್ ನಿಕಿ ಲೌಡಾ ಹಾಸಿಗೆಯಲ್ಲೇ ಕಣ್ಣು ಮುಚ್ಚಿದ, ರೇಸಿನಲ್ಲೇ ಅಪಘಾತವಾಗಿ ಸತ್ತ ಸೆನ್ನಾ ಥರ ಟ್ರ್ಯಾಕ್ ಮೇಲೆ ಹೋದವನಲ್ಲ, ಅದಕ್ಕೆ ಇಷ್ಟೊಂದು ಗೋಳು ಯಾಕೆ ಅಂತೀಯ. ಅದಕ್ಕೇ ಕಣೋ! ಟ್ರ್ಯಾಕ್ ಮೇಲೆ ಹೋಗಿಯೇಬಿಟ್ಟ ಅಂದುಕೊಂಡವನು ಹೆಚ್ಚುಕಮ್ಮಿ 43 ವರ್ಷ ನಮ್ಮ ಜೊತೆ ಇದ್ದ.

1976ರ ಆಗಸ್ಟ್ 1ರ ಕಥೆ ನಿನಗೂ ಗೊತ್ತು. ಜರ್ಮನಿಯ ನೂರ್ಬರ್ಗ್‌ರಿಂಗ್ ಟ್ರ್ಯಾಕ್ ಅಪಾಯ, ಇಲ್ಲಿ ರೇಸ್ ಬೇಡ ಅಂತ ಮೊದಲೇ ಹೇಳಿದವನು ನಿಕಿ, ಉಳಿದ ಡ್ರೈವರುಗಳು ಒಪ್ಪಲಿಲ್ಲ. ಎರಡನೇ ಲ್ಯಾಪಿಗೇ ಅವನ ಫೆರಾರಿ ಹೊತ್ತಿ ಉರಿಯಿತು. ಹಿಂದೆ ಬರುತ್ತಿದ್ದ ಡ್ರೈವರುಗಳೇ ಇಳಿದು ಓಡಿದರು, ಅವರಲ್ಲೊಬ್ಬ ಮೆರ್ಜಾರಿಯೊ ಬೆಂಕಿಯೊಳಗೆ ಕೈ ಹಾಕಿ ಬೆಲ್ಟ್ ಬಿಚ್ಚಿದ. ಆಸ್ಪತ್ರೆಗೆ ಪಾದ್ರಿ ಬಂದು ಕೊನೆಯ ಪ್ರಾರ್ಥನೆಯೂ ಆಗಿಹೋಗಿತ್ತು. ಆರು ವಾರಕ್ಕೆ ಇಟಲಿಯ ಮೊನ್ಝಾ ರೇಸಿನಲ್ಲಿ ನಾಲ್ಕನೇ ಸ್ಥಾನ! ಪೇಪರಿನವರೆಲ್ಲ ಈ ವಾರ ಇದನ್ನೇ ಬರೆದರು.

ನನಗೆ ಅವನು ದೊಡ್ಡವನು ಅನ್ನಿಸಿದ್ದು ಜಪಾನಿನ ಫ್ಯೂಜಿಯಲ್ಲಿ. ಅದೇ ವರ್ಷದ ಕೊನೆಯ ರೇಸು, ಚಾಂಪಿಯನ್ ಪಟ್ಟಕ್ಕೆ ಎದುರಾಳಿ ಜೇಮ್ಸ್ ಹಂಟ್‌ಗಿಂತ ಮೂರು ಪಾಯಿಂಟ್ ಮುಂದಿದ್ದಾನೆ, ಧಾರಾಕಾರ ಮಳೆ, ಸುಟ್ಟ ರೆಪ್ಪೆ ಸರಿಯಾಗಿ ಮುಚ್ಚೋದೂ ಇಲ್ಲ. ಎರಡು ಲ್ಯಾಪ್ ಓಡಿಸಿ ಪಿಟ್‌ಗೆ ಬಂದು ಇಳಿದುಬಿಟ್ಟ. ಎಂಜಿನ್ ಕೆಟ್ಟಿತು ಅಂತ ಹೇಳೋಣ ಅಂತ ಫೆರಾರಿಯ ಎಂಜಿನಿಯರ್ ಫೋರ್ಗಿಯೇರಿ ಕೇಳಿದರೆ, ಬೇಡ ಅಂದ. ಹಂಟ್ ಮೂರನೆಯವನಾಗಿ ಬಂದು ಒಂದೇ ಒಂದು ಪಾಯಿಂಟಿನಲ್ಲಿ ಚಾಂಪಿಯನ್ ಆದ. ಬೆಂಕಿಯಿಂದ ಎದ್ದು ಬರೋದಕ್ಕೆ ಹಟ ಸಾಕು. ಇಡೀ ಜಗತ್ತು ನೋಡ್ತಿರುವಾಗ, ಸುಳ್ಳು ನೆಪವನ್ನೂ ಹೇಳದೆ ಸುಮ್ನೆ ಇಳಿದು ಹೋಗೋದಕ್ಕೆ ಎದೆ ಬೇಕು. ನಾನಾಗಿದ್ದರೆ ಎಂಜಿನ್ ಮೇಲೇ ಹಾಕ್ತಿದ್ದೆ, ನೀನೂ ಅಷ್ಟೇ. ಅವನು ಮುಂದಿನ ವರ್ಷ ಮತ್ತೆ ಚಾಂಪಿಯನ್ ಆದ, 1984ರಲ್ಲಿ ತನ್ನದೇ ತಂಡದ ಪ್ರೋಸ್ಟ್ ಎದುರು ಅರ್ಧ ಪಾಯಿಂಟಿನಲ್ಲಿ ಮೂರನೇ ಸಲ.

ನಿನ್ನೆ ಮೊನಾಕೊ ರೇಸಿಗೆ ನಮ್ಮ ಹಳೇ ಗ್ಯಾಂಗು ಬಸವನಗುಡಿ ಮನೆಗೆ ಬಂದಿತ್ತು. ಸುಟ್ಟ ಗಾಯ ಮುಚ್ಚೋದಕ್ಕೆ ನಿಕಿ ಯಾವಾಗಲೂ ಹಾಕುತ್ತಿದ್ದನಲ್ಲ, ಹಾಗೆ ಎಲ್ಲರೂ ಕೆಂಪು ಟೋಪಿ ಹಾಕಿಕೊಳ್ಳೋಣ ಅಂತ ಮಾತಾಗಿತ್ತು. ಶನಿವಾರ ಚಿಕ್ಕಪೇಟೆಯಲ್ಲಿ ಹುಡುಕಿದರೆ ಬೆಂಗಳೂರಲ್ಲಿ ಕೆಂಪು ಟೋಪಿ ಅಂದರೆ ಆರ್‌ಸಿಬಿದು ಮಾತ್ರ! ಈ ಸಲ ಕೊನೇ ಸ್ಥಾನಕ್ಕೆ ಬಿದ್ದಿದ್ದಾರಲ್ಲ, ಅಂಗಡಿ ತುಂಬಾ ಹಾಗೇ ಉಳಿದಿವೆ. ಏನೂ ಬರೆಯದ ಕೆಂಪು ಟೋಪಿ ಕೊಡಿ ಅಂದರೆ ಅಂಗಡಿಯವರು ಮುಖ ನೋಡಿ, 'ಎಲೆಕ್ಷನ್ ರಿಸಲ್ಟ್ ಗುರುವಾರಾನೇ ಬಂತಲ್ಲ ಸಾರ್, ಯಾವ ಪಾರ್ಟಿ ನಿಮ್ದು?' ಅಂದರು. ಆಸ್ಟ್ರಿಯಾದವರು ಒಬ್ಬರು ತೀರಿಕೊಂಡರು ಅಂದೆ. ಪಾಪ, ಏನು ಅರ್ಥ ಮಾಡಿಕೊಂಡರೋ, ಚೌಕಾಸಿ ಮಾಡದೆ ಇಪ್ಪತ್ತು ರೂಪಾಯಿ ಕಮ್ಮಿ ಮಾಡಿದರು.

ರೇಸಿಗೆ ಮೊದಲು ಡ್ರೈವರುಗಳೆಲ್ಲ ಒಂದು ನಿಮಿಷ ಮೌನವಾಗಿ ನಿಂತರು, ನಮ್ಮ ಮನೆಯಲ್ಲೂ ಯಾರೂ ಚಿಪ್ಸ್ ಮುಟ್ಟಲಿಲ್ಲ. ಹ್ಯಾಮಿಲ್ಟನ್ ನಿಕಿ ಹೆಸರಿನ ಹೆಲ್ಮೆಟ್ ಹಾಕಿಕೊಂಡು, ಸವೆದ ಟೈರಿನಲ್ಲೇ ವರ್ಸ್ಟಾಪನ್‌ನನ್ನು ಕೊನೇವರೆಗೂ ತಡೆದು ಗೆದ್ದ. ಹ್ಯಾಮಿಲ್ಟನ್‌ನನ್ನು ಮರ್ಸಿಡಿಸ್ ತಂಡಕ್ಕೆ ಬಾ ಅಂತ ಒಪ್ಪಿಸಿದ್ದು ನಿಕಿಯೇ ಅಲ್ವಾ.

ಮುಂದಿನ ರೇಸು ಕೆನಡಾ, ಜೂನ್ 9. ನಮ್ಮಲ್ಲಿ ಶುರುವಾಗೋದು ಮಧ್ಯರಾತ್ರಿ ಹತ್ತಿರ, ಮೈಸೂರಿಗೆ ವಾಪಸ್ ಹೋಗೋ ಯೋಚನೆ ಬಿಟ್ಟು ಇಲ್ಲೇ ಉಳಿಯೋ ಹಾಗೆ ಬಾ. ಜಗಳ ಆಗ ಮುಂದುವರಿಸೋಣ.

ನಿನ್ನ,
ಮಂಜು