ಮಗಳಿಗೊಂದು ಪತ್ರ: ಫೋನಿನಲ್ಲಿ ಹೇಳದೇ ಬಿಟ್ಟದ್ದು

ಪುಟ್ಟಿ,

"ಪೊರೆ ತೆಗೆಸುತ್ತಿದ್ದೇನೆ, ಅಷ್ಟೇ" ಅಂತ ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಅರ್ಧ ನಿಜ. ಪೊರೆ ತೆಗೆದ ಕೈಯಲ್ಲೇ ಕಣ್ಣಿಗೊಂದು ಟ್ಯೂಬ್ ಕೂಡ ಕೂರಿಸಿದ್ದಾರೆ. ನಿನ್ನ ಪರೀಕ್ಷೆ ಹತ್ತಿರವಿತ್ತು, ಸುಮ್ನೆ ಯಾಕೆ ಹೆದರಿಸೋದು ಅಂತ ಹೇಳಲಿಲ್ಲ. ಈಗ ಆರು ವಾರ ಕಳೆದಿದೆ. ನಾನು ಬರೆದ ಅಕ್ಷರ ನನಗೇ ಕಾಣುತ್ತಿದೆ, ಅದಕ್ಕೇ ಈ ಪತ್ರ.

ನನ್ನ ಗ್ಲಾಕೋಮಾ ನಿನಗೆ ಗೊತ್ತಿರುವುದೇ. ಕಣ್ಣೊಳಗೆ ನೀರು ಸದಾ ಊರುತ್ತಿರುತ್ತದೆ, ಸದಾ ಹೊರಗೆ ಹೋಗುತ್ತಿರುತ್ತದೆ. ಹೋಗುವ ದಾರಿ ಕಟ್ಟಿಕೊಂಡರೆ ಕಣ್ಣಿನ ಪ್ರೆಶರ್ ಏರಿ ಹಿಂದಿನ ನರ ಸೊರಗುತ್ತದೆ. ಸಾಮಾನ್ಯವಾಗಿ 10ರಿಂದ 21ರ ಒಳಗಿರುವ ಪ್ರೆಶರ್, ಮೂರು ಥರದ ಡ್ರಾಪ್ಸ್ ಹಾಕಿದರೂ ನನ್ನ ಬಲಗಣ್ಣಿನಲ್ಲಿ 32. ಡ್ರಾಪ್ಸ್ ಮರೆತ ದಿನಗಳೂ ಇದ್ದವು, ಇಲ್ಲ ಅನ್ನುವುದಿಲ್ಲ. ನೋವೇ ಇಲ್ಲದ ಕಾಯಿಲೆ ನೋಡು, ಅಸಡ್ಡೆ ತಾನಾಗಿ ಬರುತ್ತದೆ.

ಪೊರೆಯೂ ಸುಲಭದ್ದಾಗಿರಲಿಲ್ಲ. ಕಣ್ಣೊಳಗಿನ ಲೆನ್ಸಿನ ಮೇಲೆ ಬಿಳಿ ಹೊಟ್ಟಿನಂಥದ್ದು ಕೂತಿತ್ತು. ಈ ಥರದ ಕಣ್ಣಿನಲ್ಲಿ ಪಾಪೆ ಸರಿಯಾಗಿ ಅರಳುವುದಿಲ್ಲ, ಲೆನ್ಸನ್ನು ಹಿಡಿದಿರುವ ಎಳೆಗಳೂ ಸಡಿಲ. ಹಾಗಾಗಿ ಪುಟ್ಟ ಕೊಕ್ಕೆಗಳಿಂದ ಪಾಪೆಯನ್ನು ಅಗಲ ಮಾಡಿ, ಲೆನ್ಸಿನ ಚೀಲ ಕುಸಿಯದಂತೆ ಒಳಗೊಂದು ರಿಂಗ್ ಇಟ್ಟು, ಆಮೇಲೆ ಹೊಸ ಲೆನ್ಸ್ ಹಾಕಿದರು. ನನಗೆ ಕಂಡದ್ದು ಮಾತ್ರ ಒಂದು ಬೆಳಕು, ಕೇಳಿದ್ದು ಮೆಷಿನ್ ಸದ್ದು.

ಟ್ಯೂಬಿನದೇ ದೊಡ್ಡ ಕತೆ. ಮೇಲಿನ ರೆಪ್ಪೆಯ ಮರೆಯಲ್ಲಿ, ಕಣ್ಣಿನ ಬಿಳಿಯ ಮೇಲಿನ ತೆಳು ಪದರದ ಅಡಿಗೆ ಬಾಗಿದ ಒಂದು ಪ್ಲೇಟ್ ಇಟ್ಟು ಹೊಲಿಯುತ್ತಾರೆ. ಅದರಿಂದ ಹೊರಟ ಸಣ್ಣ ಟ್ಯೂಬಿನ ತುದಿ ಕಣ್ಣೊಳಗೆ. ಒಳಗಿನ ನೀರು ಅದರಲ್ಲಿ ಬಂದು ಪ್ಲೇಟಿನ ಸುತ್ತ ನಿಂತು ಮೆಲ್ಲಗೆ ಇಂಗುತ್ತದೆ. ಟ್ಯೂಬ್ ಮೇಲೆದ್ದು ಬರದಂತೆ ಅದರ ಮೇಲೊಂದು ತೇಪೆ. ಆ ತೇಪೆ, ಯಾರೋ ದಾನ ಮಾಡಿದ ಕಣ್ಣಿನ ಬಿಳಿಯ ತುಂಡು. ಅದನ್ನು ಕೇಳಿದ ಮೇಲೆ ಸ್ವಲ್ಪ ಹೊತ್ತು ನನಗೆ ಮಾತೇ ಬರಲಿಲ್ಲ.

ವಾಲ್ವ್ ಇರುವ ಟ್ಯೂಬ್ ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ. ನನ್ನದಕ್ಕೆ ವಾಲ್ವ್ ಇಲ್ಲ. ಪ್ಲೇಟಿನ ಸುತ್ತ ಮೈಯೇ ಒಂದು ಗೋಡೆ ಕಟ್ಟುವ ಮೊದಲೇ ನೀರೆಲ್ಲ ಹರಿದುಹೋದರೆ ಕಣ್ಣು ಮೆತ್ತಗಾಗಿಬಿಡುತ್ತದಂತೆ. ಅದಕ್ಕೇ ತಾನಾಗಿ ಕರಗುವ ನೂಲಿನಿಂದ ಟ್ಯೂಬನ್ನು ಬಿಗಿದು ಕಟ್ಟಿದ್ದರು. ನೂಲು ಕರಗಲು ನಾಲ್ಕರಿಂದ ಆರು ವಾರ. ಅಲ್ಲಿವರೆಗೆ ಹಳೇ ಡ್ರಾಪ್ಸೇ ಗತಿ. ದಿನಾ ಬೆಳಿಗ್ಗೆ ನಿನ್ನ ಅಮ್ಮ "ಕರಗಿತಾ?" ಅನ್ನುವಳು, ನನಗೇನು ಗೊತ್ತಾಗಬೇಕು! ಮೊನ್ನೆ ನೋಡಿದಾಗ ಪ್ರೆಶರ್ 12. ಕರಗಿದೆ.

ಬಣ್ಣಗಳು ತೊಳೆದಿಟ್ಟ ಹಾಗೆ ಕಾಣುತ್ತಿವೆ. ಆದರೆ ಗ್ಲಾಕೋಮಾ ತಿಂದ ನೋಟ ವಾಪಸ್ ಬಂದಿಲ್ಲ, ಬರುವುದೂ ಇಲ್ಲ. ಮೆಟ್ಟಿಲು ಇಳಿಯುವಾಗ ಕೆಳಗಿನದು ಈಗಲೂ ತಪ್ಪುತ್ತದೆ, ಕಂಬಿ ಹಿಡಿದೇ ಇಳಿಯುತ್ತೇನೆ.

ಈಗ ನಿನ್ನ ವಿಷಯ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ಕಣ್ಣಿನ ಪ್ರೆಶರ್ ನೋಡಿಸಿಕೋ, ಹಿಂದಿನ ನರವನ್ನೂ ನೋಡಲು ಹೇಳು. ಬಂದ ನಂಬರನ್ನು ಬರೆದು ಕಳಿಸು. ಫೋನಿನಲ್ಲಿ "ಚೆನ್ನಾಗಿದೆ ಅಪ್ಪ, ಅಷ್ಟೇ" ಅಂದರೆ ನಾನು ನಂಬುವವನಲ್ಲ. ಯಾರಿಂದ ಕಲಿತದ್ದು ಅಂತ ಗೊತ್ತಲ್ವಾ.

ನಿನ್ನ ಅಪ್ಪ