ಪುಟ್ಟಿಯ ನೋಟ್‌ಬುಕ್ ಹರಿಯಬೇಡ

ಬ್ರಸೆಲ್ಸ್
ಭಾನುವಾರ ರಾತ್ರಿ

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ನಾನು ಆರಾಮಾಗಿದ್ದೇನೆ. ಅವ್ವನ ಮಂಡಿನೋವು ಹೇಗಿದೆ? ಅತ್ತಿಗೆ ಕಳಿಸಿದ ಶೇಂಗಾ ಚಟ್ನಿಪುಡಿ ಇನ್ನೂ ಸ್ವಲ್ಪ ಉಳಿದಿದೆ.

ನೀನು ಕಳಿಸಿದ ಫೋಟೋ ನೋಡಿದೆ. ಪುಟ್ಟಿ ಗಣಿತದ ನೋಟ್‌ಬುಕ್ ತುಂಬ ಮೇಷ್ಟ್ರ ಚಿತ್ರ ಬರೆದಿದ್ದಾಳೆ ಅಂತ ನಿನಗೆ ಸಿಟ್ಟು. ‘ಇವಳೂ ನಿನ್ನ ದಾರಿ ಹಿಡಿದ್ರೆ ಹೊಟ್ಟೆಪಾಡು ಹೇಗೆ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ.

ಆ ಚಿತ್ರವನ್ನು ಇನ್ನೊಮ್ಮೆ ನೋಡಣ್ಣ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಜೇಬಿನ ಅಂಚಿಗೆ ಸೀಮೆಸುಣ್ಣದ ಪುಡಿ ಮೆತ್ತಿದೆ. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ಅವಳೇ ಕಂಡಿದ್ದು.

ನಾನು ಶುರು ಮಾಡಿದ್ದೂ ಹೀಗೇ ಅಲ್ವಾ? ಅಪ್ಪಾಜಿ ಮಿಲ್ಲಿನಿಂದ ಒಂದು ಬದಿ ಖಾಲಿ ಇದ್ದ ಹಾಳೆ ತರುತ್ತಿದ್ದರು. ಅದು ಮುಗಿದರೆ ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ ಪೇಪರ್. ಎಣ್ಣೆ ಕಲೆಯ ಸುತ್ತ ಗೆರೆ ಎಳೆದರೆ ಒಂದು ಬೋಳು ತಲೆ, ಇಲ್ಲ ಒಂದು ಡೊಳ್ಳು ಹೊಟ್ಟೆ.

ಶಾಲೆ ಬಿಟ್ಟಮೇಲೆ ಬೋರ್ಡ್ ಬರೆಯುವ ಅಂಗಡಿ ಮುಂದೆ ನಿಲ್ಲುತ್ತಿದ್ದೆ. ಆ ಪೇಂಟರ್ ಎಡಗೈಯಲ್ಲಿ ಒಂದು ಕೋಲು ಹಿಡಿದು, ಅದರ ಮೇಲೆ ಬಲಗೈ ಮಣಿಕಟ್ಟು ಊರಿ, ಉಸಿರು ಬಿಗಿಹಿಡಿದು ‘ಅ’ ಬರೆಯುತ್ತಿದ್ದರು. ಬ್ರಷ್ ಎತ್ತುತ್ತಲೇ ಇರಲಿಲ್ಲ. ‘ಬಸ್ಸಿನಲ್ಲಿ ಹೋಗೋನಿಗೂ ಕಾಣಬೇಕಮ್ಮ’ ಅಂತ ಒಂದೇ ಮಾತು. ಫ್ಲೆಕ್ಸ್ ಬಂತು, ಆ ಅಂಗಡಿ ಮುಚ್ಚಿತು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಪಿಯುಸಿ ಆದಮೇಲೆ ದೃಶ್ಯಕಲಾ ಕಾಲೇಜಿಗೆ ಸೇರುತ್ತೇನೆ ಅಂದೆ. 1964ರಿಂದ ದಾವಣಗೆರೆಯಲ್ಲೇ ಇರುವ ಕಾಲೇಜು. ಆದರೂ ಮನೆಯವರೆಲ್ಲ ಬಿ.ಕಾಂ. ಅಂದಿರಿ. ಓದಿದೆ. ಮೂರು ವರ್ಷ ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆದೆ. ರಾತ್ರಿ ಚಿತ್ರ ಬರೆದೆ.

ಮೊದಲ ವ್ಯಂಗ್ಯಚಿತ್ರ ಪತ್ರಿಕೆಯಲ್ಲಿ ಬಂದ ದಿನ ನೀನು ಐದು ಪ್ರತಿ ತಂದಿದ್ದೆ. ನಾನು ಒಳಗೆ ಹೋಗಿ ಅತ್ತಿದ್ದು ನಿನಗೆ ಗೊತ್ತಿಲ್ಲ. ನೆರಳಿಗೆ ಅಂತ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆದಿದ್ದೆ. ಚಿತ್ರವನ್ನು ಕಿರಿದು ಮಾಡಿ ಹಾಕಿದ್ದರು. ನ್ಯೂಸ್‌ಪ್ರಿಂಟ್ ಮಸಿ ಹೀರಿ ಗೆರೆಗಳೆಲ್ಲ ಕೂಡಿಕೊಂಡು ಮುಖ ಕಪ್ಪು ಮುದ್ದೆಯಾಗಿತ್ತು. ಆಗ ಆ ಪೇಂಟರ್ ಮಾತು ನೆನಪಾಯಿತು. ಮರುದಿನದಿಂದ ಗೆರೆ ಕಮ್ಮಿ ಮಾಡಿದೆ, ದಪ್ಪ ಮಾಡಿದೆ. ಇವತ್ತಿಗೂ ನನ್ನ ಕೈ ಅದೇ.

ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಅದೇ ಮುಂಬೈನಲ್ಲಿ ಕೂತು ಅವರು 1951ರಿಂದ ದಶಕಗಟ್ಟಲೆ ಶ್ರೀಸಾಮಾನ್ಯನನ್ನು ಬರೆದರು. ಆಫೀಸಿನಿಂದ ಬಂದು ಕೈ ಸೋತಾಗ ಇದನ್ನೇ ನೆನೆಯುತ್ತಿದ್ದೆ.

ಇಲ್ಲಿಯ ಕಾಮಿಕ್ಸ್ ಮ್ಯೂಸಿಯಂ ಮೊದಲು ಬಟ್ಟೆ ವ್ಯಾಪಾರದ ಕಟ್ಟಡವಾಗಿತ್ತು. 1906ರದ್ದು. ಮ್ಯೂಸಿಯಂ ಆಗಿದ್ದು 1989ರಲ್ಲಿ. ಗಾಜಿನ ಮಾಡಿನಿಂದ ಬೆಳಕು ಸುರಿಯುತ್ತದೆ. ಅಲ್ಲಿ ನಿಂತಾಗ ಅಪ್ಪಾಜಿಯ ಅಂಗಿಗೆ ಅಂಟಿಕೊಂಡಿರುತ್ತಿದ್ದ ಹತ್ತಿ ಎಳೆ ಕಣ್ಣಿಗೆ ಬಂತು. ಬಟ್ಟೆ ಮಾರುತ್ತಿದ್ದ ಜಾಗದಲ್ಲಿ ಚಿತ್ರಗಳನ್ನು ಇಟ್ಟಿದ್ದಾರೆ, ಅವರು ಇದನ್ನು ನೋಡಬೇಕಿತ್ತು.

ಹೊಟ್ಟೆಪಾಡಿನ ಮಾತು ಮುಚ್ಚಿಡುವುದಿಲ್ಲ. ಬರೀ ವ್ಯಂಗ್ಯಚಿತ್ರದಿಂದ ನನ್ನ ಬಾಡಿಗೆ ಹುಟ್ಟುವುದಿಲ್ಲ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುತ್ತೇನೆ, ಅನಿಮೇಷನ್‌ಗೆ ಸ್ಟೋರಿಬೋರ್ಡ್, ಅಂದರೆ ಒಂದೊಂದು ದೃಶ್ಯದ ಕರಡು ಚಿತ್ರ, ಮಾಡುತ್ತೇನೆ. ಕೆಲವು ತಿಂಗಳು ಕಷ್ಟವೇ. ಕರಾರು ಓದುವಾಗ, ಬಿಲ್ ಬರೆಯುವಾಗ ಬಿ.ಕಾಂ. ಕೈಹಿಡಿಯುತ್ತದೆ. ಹಾಗಾಗಿ ಪುಟ್ಟಿ ಗಣಿತವನ್ನೂ ಕಲಿಯಲಿ.

ಆದರೆ ಆ ನೋಟ್‌ಬುಕ್ ಹರಿಯಬೇಡ. ಅವಳಿಗೆ ಲೆಕ್ಕಕ್ಕೆ ಬೇರೆ ನೋಟ್‌ಬುಕ್ ಕೊಡಿಸು, ಇದನ್ನು ಅವ್ವನ ಟ್ರಂಕಿನಲ್ಲಿ ನನ್ನ ಎಣ್ಣೆ ಪೇಪರ್‌ಗಳ ಜೊತೆ ಇಡು. ಒಂದು ಶನಿವಾರ ದೃಶ್ಯಕಲಾ ಕಾಲೇಜಿಗೆ ಕರೆದುಕೊಂಡು ಹೋಗು, ಸುಮ್ನೆ ನೋಡಿ ಬರಲಿ.

ನಿನ್ನ ಮೊದಲ ಸಂಬಳದಲ್ಲಿ ನನಗೆ ಮಸಿ ಬಾಟಲಿ, ಎರಡು ನಿಬ್ ತಂದುಕೊಟ್ಟಿದ್ದೆ. ಯುಗಾದಿಗೆ ಬರುವಾಗ ಪುಟ್ಟಿಗೆ ನಾನು ತರುತ್ತೇನೆ.

ನಿನ್ನ ತಂಗಿ